ಫಲಾನುಭವಿ ಯಾರೂ ಇಲ್ಲ

ಯಶೋದಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಹೇಳದೆ ಕೂರಲಾಗುತ್ತಿಲ್ಲ. ಅಬ್ಬಿಗೆರೆಯಲ್ಲಿ ನಾವಿಬ್ಬರೂ ಶುರುಮಾಡಿದ ಅಜ್ಜಿಯರ ಕೇಂದ್ರಕ್ಕೆ ಇವತ್ತು ಅನುದಾನದ ಅಧಿಕಾರಿ ಬಂದಿದ್ದರು. ಅಜ್ಜಿಯರೆಲ್ಲ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಫಲಾನುಭವಿಗಳು ಎಲ್ಲಮ್ಮಾ?" ಎಂದರು.

ನಾನು ಬಾಯಿ ಬಿಡುವ ಮೊದಲೇ ಮುನಿಕೃಷ್ಣಮ್ಮಜ್ಜಿ, "ಅಂತೋರ್ ಯಾರೂ ಇಲ್ಲ ಸಾಮಿ, ಇಲ್ಲಿರೋದೆಲ್ಲ ನಾವ್ ನಾವೇ" ಎಂದುಬಿಟ್ಟರು. ಆತ ಅದನ್ನೇ ಬರೆದುಕೊಂಡು ಹೋದರು; ಇನ್ನು ಅನುದಾನ ಬರುವುದು ಅನುಮಾನ.

ಅರ್ಜಿಯಲ್ಲಿ ನಾನು ಅಜ್ಜಿಯರನ್ನು 'ಫಲಾನುಭವಿಗಳು' ಎಂದು ಬರೆದ ದಿನವೇ ಅಲ್ಲವೇ, ಇವರು ನಮ್ಮವರು ಎಂದು ನೀನು ಎದ್ದು ಹೋಗಿದ್ದು?

ಆಗಿನಿಂದ ಗೇಟಿಗೂ ಅಡುಗೆಮನೆಗೂ ಸುಮ್ಮನೆ ತಿರುಗುತ್ತಿದ್ದೇನೆ. ಅಜ್ಜಿ ಎಂದಿನಂತೆ ಕೇಳಿದರು: "ಯಶೋದಮ್ಮ ಯಾವಾಗ್ ಬತ್ತಾರೆ?"

"ಅನುದಾನ ಬಂದ್ಮೇಲೆ" ಎಂದುಬಿಟ್ಟೆ.

ಅಜ್ಜಿ ಅವರೆಕಾಯಿ ಕೆಳಗಿಟ್ಟರು. "ಅಂಗಾದ್ರೆ ಆಯಪ್ಪನ್ನ ವಾಪಸ್ ಕರೀರಿ. ನಾನೇ ಫಲಾನುಭವಿ ಅಂತ ಬರ್ಕೊಳ್ಳಲಿ."