ಬಾಯಿ ಮುಚ್ಚಿಸಿದ ಕಾರು

ಮಾರ್ಚ್ ೧೧, ಮಂಗಳವಾರ

ಇವತ್ತಿನ ಸಭೆ ನೆನೆದರೆ ಇನ್ನೂ ಮೈ ಉರಿಯುತ್ತದೆ. ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ದುಬಾರಿ ಕಾರುಗಳು ಬೀಪ್ ಬೀಪ್ ಎನ್ನುತ್ತವಲ್ಲ, ಅದನ್ನೇ ಎಲ್ಲ ಕಾರಿಗೂ ಹಾಕಿ ಎನ್ನುತ್ತದೆ ಹೊಸ ನಿಯಮ. ಅಷ್ಟಕ್ಕೇ ಕಾರು ಕಂಪನಿಯವನು ಇನ್ನೆರಡು ವರ್ಷ ಬೇಕೆಂದ. "ಜನಕ್ಕೆ ಆ ಸದ್ದು ಕಿರಿಕಿರಿ ಮೇಡಂ. ಬೆಲ್ಟ್ ಹಾಕ್ಕೋಬೇಕು ಅಂತ ಅವರಿಗೇ ಗೊತ್ತಿಲ್ವಾ?"

ಗೊತ್ತಿದ್ದರೂ ಮರೆಯುತ್ತಾರೆ ಎಂದು ಗಂಟಲು ಹರಿದುಕೊಂಡೆ. ಹನ್ನೆರಡು ವರ್ಷದಿಂದ ಪರೀಕ್ಷಾ ಕೇಂದ್ರದಲ್ಲಿ ಗೊಂಬೆಗಳನ್ನು ಕೂರಿಸಿ ಕಾರನ್ನು ಗೋಡೆಗೆ ಗುದ್ದಿಸುವವಳು ನಾನು. ಬೆಲ್ಟಿಲ್ಲದ ಗೊಂಬೆ ಎಲ್ಲಿಗೆ ಹಾರುತ್ತದೆಂದು ಹೇಳುತ್ತಿದ್ದರೆ ಅವನು ಫೋನ್ ನೋಡುತ್ತಿದ್ದ.

ಸಂಜೆ ಅಣ್ಣ ತನ್ನ ಹೊಸ ದುಬಾರಿ ಕಾರಿನಲ್ಲಿ ಕರೆದುಕೊಂಡು ಬಂದ. ಮುಂದೆ ಅತ್ತಿಗೆ, ಹಿಂದೆ ಅಮ್ಮ ಮತ್ತು ನಾನು. ದಾರಿಯುದ್ದಕ್ಕೂ ಆ ಮನುಷ್ಯನನ್ನು ಬೈದೆ. ಇಳಿಯುವಾಗ ಕೈಗೆ ಏನೋ ತಗುಲಿತು. ಹಿಂದಿನ ಎರಡೂ ಬಕಲ್‌ಗಳಿಗೆ ಬೆಲ್ಟಿಲ್ಲದ ಬರೀ ಕೊಕ್ಕೆ ಸಿಕ್ಕಿಸಿತ್ತು, ಕಾರು ಮೋಸಹೋಗಿ ಸುಮ್ಮನಿರಲೆಂದು.

"ಶೋರೂಮಿನವರೇ ಫ್ರೀಯಾಗಿ ಕೊಟ್ರು ಕಣೆ," ಎಂದ ಅಣ್ಣ.

ಕಿತ್ತು ತಂದಿದ್ದೇನೆ. ಎರಡೂ ಈ ಮೇಜಿನ ಮೇಲಿವೆ. ಅಣ್ಣನನ್ನು ತರಾಟೆಗೆ ತೆಗೆದುಕೊಳ್ಳಲು ನನಗೆ ಯಾವ ಮುಖವಿದೆ? ಅಷ್ಟು ದೂರ ಬೈಯುತ್ತಾ ಬಂದೆನಲ್ಲ, ನಾನೂ ಬೆಲ್ಟ್ ಹಾಕಿರಲಿಲ್ಲ.