ಬೋಗುಣಿಯ ತಳ

ಅಪ್ಪಾ,

ನೀವು ತೀರಿಹೋದ ಮೇಲೆ ಇದು ಮೊದಲ ರಾಜ್ಯೋತ್ಸವ. ನೀವು ಓದುವುದಿಲ್ಲ, ಆದರೂ ನಡೆದದ್ದು ತಿಳಿಸುತ್ತೇನೆ.

ಇಲ್ಲಿ ಅಮೆರಿಕದಲ್ಲಿ, ಆನ್ ಆರ್ಬರ್‌ನ ಕನ್ನಡ ಸಂಘದವರು ಈ ಸಲ ಜಿಲ್ಲೆಗೊಂದು ಟೇಬಲ್ ಹಾಕಿ, ಅವರವರ ಊರಿನ ತಿಂಡಿ ತರಲು ಹೇಳಿದ್ದರು. ನಾನು ಅಜ್ಜಿಯ ಹಿತ್ತಾಳೆ ಬೋಗುಣಿಯ ತುಂಬ ಮಂಡಕ್ಕಿಯ ವಗ್ಗಾಣಿ ಒಯ್ದು ಬಳ್ಳಾರಿ ಟೇಬಲ್ಲಿನ ಮೇಲಿಟ್ಟೆ. ಆ ಟೇಬಲ್ ನೋಡಿಕೊಳ್ಳುತ್ತಿದ್ದ ರಾಚಯ್ಯ ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್.

"ಬಳ್ಳಾರಿಯೊಳಗ ಎಲ್ರೀ?" ಎಂದರು.

"ಆದೋನಿ."

"ಅದು ಆಂಧ್ರ ಆತಲ್ರೀ ಅಕ್ಕಾರ." ನಗುತ್ತಲೇ ಹೇಳಿದರು. "ವಗ್ಗಾಣಿ ಇಲ್ಲೇ ಇರ್ಲಿ. ನೀವು ಅತಿಥಿಗಳ ಟೇಬಲ್‌ನಾಗ ಕುಂದರ್ರಿ."

ಕುಳಿತೆ. ಆದೋನಿಯ ನಮ್ಮ ಬೀದಿಯಲ್ಲಿ ಕಲಿತ ತೆಲುಗು, ಉರ್ದು ಎರಡೂ ಅಲ್ಲಿದ್ದ ಬೇರೆ ರಾಜ್ಯದವರ ಜೊತೆ ಮಾತಾಡಲು ಉಪಯೋಗಕ್ಕೆ ಬಂದವು. ಬಳ್ಳಾರಿ ವಗ್ಗಾಣಿ ಚೆನ್ನಾಗಿದೆ ಎಂದು ಹೊಗಳುತ್ತ ಜನ ಎಲ್ಲಕ್ಕಿಂತ ಮೊದಲು ಅದನ್ನೇ ಖಾಲಿ ಮಾಡಿದರು.

ಕೊನೆಗೆ ರಾಚಯ್ಯನವರೇ ಬೋಗುಣಿ ತೊಳೆದು ತಂದರು. ತಳದಲ್ಲಿ ಕೊರೆದದ್ದನ್ನು ಗಟ್ಟಿಯಾಗಿ ಓದಿದರು: "ಸೌ. ಸುವರ್ಣಮ್ಮ, ಆದೋನಿ, ಬಳ್ಳಾರಿ ಜಿಲ್ಲಾ." ಅಜ್ಜಿಯ ಮದುವೆಯ ಪಾತ್ರೆ, ಆಂಧ್ರ ರಾಜ್ಯ ಹುಟ್ಟುವ ಮೊದಲು, ಆದೋನಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲದ್ದು. ಅವರು ಬೋಗುಣಿಯನ್ನು ನನ್ನ ಕೈಗೆ ಕೊಟ್ಟು, "ಮುಂದಿನ ವರ್ಷ ನಮ್ಮ ಕೂಡ ಕುಂದರ್ರಿ" ಎಂದರು. ಅಲ್ಲಿಯವರೆಗೆ ನಾನೂ ಅದನ್ನು ಓದಿರಲಿಲ್ಲ.

ಕಡೆಯ ಸಲ ಇಲ್ಲಿಗೆ ಬಂದಾಗ ನೀವು ಸೂಟ್‌ಕೇಸಿನಿಂದ ಇದನ್ನು ತೆಗೆದಿರಿ. "ಇಲ್ಲಿ ಪಾತ್ರೆ ಸಿಗಲ್ಲೇನಪ್ಪಾ?" ಎಂದಿದ್ದೆ. ನೀವು ಬೋಗುಣಿಯನ್ನು ನನ್ನ ಮುಂದೆ ಬೋರಲು ಹಾಕಿದಿರಿ. ನಾನು ಫೋನ್ ನೋಡುತ್ತಿದ್ದೆ. ನೀವು ಸ್ವಲ್ಪ ಹೊತ್ತು ಕಾದು, ಮತ್ತೆ ನೆಟ್ಟಗೆ ತಿರುಗಿಸಿ ಇಟ್ಟಿರಿ.