ಬಾವಿಯಿಂದ ಮೇಲೆ ಬಂದ ಮೀನಾಕ್ಷಿ

ಮಾಲೂರು
11 ಮಾರ್ಚ್ 2008, ಮಂಗಳವಾರ

ಲೇ ಗಂಗಾ,

ಫೋನಿನಲ್ಲಿ ನಿಮ್ಮಮ್ಮನ ಸುದ್ದಿ ಎತ್ತಿದರೆ ಸಾಕು, ಟಪ್ ಅಂತ ಕಟ್ ಮಾಡುತ್ತೀಯ. ಕಾಗದಕ್ಕೆ ಆ ಗುಂಡಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ. ಮಗು, ಕದಿರೇಶ್ ಇಬ್ಬರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ.

ವಿಷಯ ನಮ್ಮ ಮೀನಾಕ್ಷಿಯದು. ಮರೆತಿಲ್ಲ ತಾನೆ? ನಮ್ಮ ಫ್ಯಾಕ್ಟರಿಯ ಕೊರಿಯನ್ ಮ್ಯಾನೇಜರ್ ಹೆಂಡತಿ ಹೋದ ವರ್ಷ ಊರಿಗೆ ವಾಪಸಾಗುವಾಗ ನನಗೆ ಕೊಟ್ಟುಹೋದ ಅವರ ಭಾಷೆಯ ಆ ಧಾರಾವಾಹಿಯ ಡಿವಿಡಿಗಳು. ಸಂಜೆ ನಾನು ಪರದೆಯ ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ಒಂದು ಕಂತು ನೋಡುವುದು, ಬೆಳಿಗ್ಗೆ ರೈಲು ಹತ್ತಿ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಇಡೀ ಲೇಡೀಸ್ ಡಬ್ಬಿಗೆ ಕಥೆ ಹೇಳುವುದು. ನೀನು ಟೇಕಲ್‌ನಲ್ಲೇ ಹತ್ತಿ ನನಗೆ ಸೀಟು ಹಿಡಿದಿರುತ್ತಿದ್ದೆ. ಕಥೆಯ ಹುಡುಗಿಯ ಹೆಸರು ಮಿನಾ ಅಂದರೆ ಹೂವಿನ ಶಾಮಲಮ್ಮ ಒಪ್ಪಲೇ ಇಲ್ಲ, ಮೀನಾಕ್ಷಿ ಅಂತ ತಾನೇ ನಾಮಕರಣ ಮಾಡಿಬಿಟ್ಟಳು.

ಎಷ್ಟು ಬೈದಿದ್ದೇವೆ ಅದನ್ನು! ಅಮ್ಮನ ಜೊತೆ ಜಗಳವಾಡಿ ಬಿರಬಿರನೆ ಹೊರಟ ನರ್ಸಮ್ಮ, ಹಳೇ ಅರಮನೆಯ ಬಾವಿಗೆ ಬಿದ್ದು ಮುನ್ನೂರು ವರ್ಷ ಹಿಂದಕ್ಕೆ ಹೋಗುತ್ತಾಳೆ. ಕರೆಂಟೇ ಇಲ್ಲದ ಕಾಲದಲ್ಲಿ ಅವಳ ಮೊಬೈಲ್‌ಗೆ ಮಾತ್ರ ಹತ್ತು ಕಂತಿನವರೆಗೂ ಚಾರ್ಜ್. ಮೊದಲು ಹುಣ್ಣಿಮೆಯ ದಿನ ಮಾತ್ರ ಬಾವಿ ಬಾಗಿಲು ತೆಗೆಯುತ್ತದೆ ಅಂದರು, ಆಮೇಲೆ ಯಾವ ದಿನವಾದರೂ ಸರಿ ಅಂದರು. ಬರೆದವನಿಗೇ ನೆನಪಿರಲಿಲ್ಲವೋ ಏನೋ. ಕೆಟ್ಟ ಮಂತ್ರಿ ಎಲ್ಲಾ ಬಾಗಿಲ ಹಿಂದೆಯೂ ಹಾಜರು. ಸೇನಾಪತಿ ಮಹಾಶಯ ಮಾತಾಡುವ ಬದಲು ಅವಳ ಮುಂಗೈ ಹಿಡಿದು ಎಳೆಯುತ್ತಿದ್ದ. ನೀನು ಅದಕ್ಕೇ, ‘ಅವನಿಗೆ ಬಾಯಿಲ್ವೇನೇ?’ ಅಂತ ಕಿಚಾಯಿಸುತ್ತಿದ್ದೆ.

ಆದರೂ ಬಿಡಲಾಗಲಿಲ್ಲ, ಅಲ್ವಾ? ಆ ಹುಡುಗಿ ಅಳುವಾಗ ಮೂಗು ಸೋರುತ್ತಿತ್ತು, ಕ್ಯಾಮೆರಾ ಇದೆ ಅನ್ನೋ ನಾಚಿಕೆಯೇ ಇರಲಿಲ್ಲ. ಅರಮನೆ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಅವಳು ಮುದುಕಿಯೊಬ್ಬಳಿಗೆ ತನ್ನ ಅಮ್ಮನ ಕೈರುಚಿ ಹೇಳುವ ದೃಶ್ಯದಲ್ಲಿ ಕತ್ತಿ ಇಲ್ಲ, ಕುದುರೆ ಇಲ್ಲ, ಸಂಗೀತವೂ ಇಲ್ಲ. ಅದನ್ನು ಹೇಳಿ ಮುಗಿಸಿದಾಗ ಶಾಮಲಮ್ಮ ಹೂ ಕಟ್ಟುವುದು ಬಿಟ್ಟು ತನ್ನ ಅಮ್ಮನ ಸಾರಿನ ಮಾತು ಎತ್ತಿದಳು. ಅಷ್ಟು ಚೆನ್ನಾಗಿ ತೆಗೆದಿದ್ದರು ಕಣೇ.

ಈಗ ಕೊನೆಯ ಕಂತಿನ ಮಾತು. ಅವಳು ಬಾವಿಯಿಂದ ಮೇಲೆ ಬಂದರೆ ಇಲ್ಲಿ ಒಂದು ಗಳಿಗೆಯೂ ಕಳೆದಿರಲಿಲ್ಲ, ಅಮ್ಮ ಬಾಗಿಲಲ್ಲೇ ನಿಂತಿದ್ದಳು, ಅನ್ನ ಇನ್ನೂ ಬಿಸಿಯಾಗಿತ್ತು ಅಂತ ನಾನು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ತಿಂಗಳ ಬಸುರಿ ನೀನು, ಕಣ್ಣೊರೆಸಿಕೊಂಡು ಅಂದೆ: ‘ನೋಡಿದ್ಯಾ, ಅಮ್ಮ ಅಂದ್ರೆ ಹಂಗೇ. ಯಾವತ್ತು ಹೋದ್ರೂ ನಮ್ಮಮ್ಮ ಅಲ್ಲೇ ಇರ್ತಾಳೆ. ಆತುರ ಏನೀಗ?’

ಅದೇ ನಿನಗೆ ಮಂತ್ರವಾಯಿತು. ಕದಿರೇಶನನ್ನು ಮದುವೆಯಾದ ದಿನ ನಿಮ್ಮಮ್ಮ ಬಾಗಿಲು ಹಾಕಿಕೊಂಡಿದ್ದಕ್ಕೆ ನೀನು ಮೂರು ವರ್ಷದಿಂದ ತವರು ವಕ್ಕಲೇರಿಯ ಕಡೆ ತಲೆ ಹಾಕಿಲ್ಲ. ಮಗು ಹುಟ್ಟಿ ಎಂಟು ತಿಂಗಳಾಯಿತು, ಹೋಗೇ ಅಂದರೆ ಈಗಲೂ ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳುತ್ತೀಯ.

ಗಂಗಾ, ನಾನು ಹೇಳಿದ್ದು ಸುಳ್ಳು. ನಿಜವಾದ ಕೊನೆಯಲ್ಲಿ ಅವಳು ಮೇಲೆ ಬರುವಷ್ಟರಲ್ಲಿ ಆರು ವರ್ಷ ಕಳೆದಿರುತ್ತದೆ. ಮನೆಯಲ್ಲಿ ಬೇರೆ ಯಾರೋ ಬಾಡಿಗೆಗೆ ಇರುತ್ತಾರೆ. ಅಮ್ಮ ಹೋಗಿಬಿಟ್ಟಿರುತ್ತಾಳೆ. ಅವಳು ಮತ್ತೆ ಬಾವಿಗೆ ಇಳಿಯುತ್ತಾಳೆ, ಬಾವಿ ತೆರೆಯುವುದಿಲ್ಲ. ಬಸುರಿಯ ಮುಂದೆ ಇದನ್ನು ಹೇಗೆ ಹೇಳಲಿ ಅಂತ ಬದಲಾಯಿಸಿದೆ, ದೊಡ್ಡ ತಪ್ಪಾಯಿತು. ಈ ವಾರವೇ ಹೋಗು. ನಿನ್ನ ಕಾಲಿಗೆ ಬೀಳುತ್ತೇನೆ ಕಣೇ.

ಮಗುವಿನ ಕೆನ್ನೆಗೊಂದು ಮುತ್ತು.

ನಿನ್ನ
ಶ್ರೀವಾಣಿ

ಮರೆತ ಮಾತು: ಅಂಟು ಹಚ್ಚಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನಗೆ ಎರಡನೇ ಸಲ ಸುಳ್ಳು ಹೇಳಿದೆ ಅನ್ನುವುದು ತಡೆಯಲಾಗುತ್ತಿಲ್ಲ. ಕೊನೆಯ ಡಿಸ್ಕ್ ನನ್ನ ಪ್ಲೇಯರ್‌ನಲ್ಲಿ ಓಡಲೇ ಇಲ್ಲ. ಮೀನಾಕ್ಷಿಗೆ ಏನಾಯಿತೋ ನನಗೆ ಗೊತ್ತಿಲ್ಲ, ಎರಡು ಕೊನೆಯೂ ನಾನೇ ಕಟ್ಟಿದ್ದು. ಭಾನುವಾರ ವಕ್ಕಲೇರಿಗೆ ಹೋಗಿದ್ದೆ. ನಿಮ್ಮಮ್ಮ ನನ್ನ ದನಿ ಕೇಳಿ ಗುರುತು ಹಿಡಿದರು. ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಹೋಗಿದೆ, ಇನ್ನೊಂದು ಎಷ್ಟು ದಿನವೋ ಹೇಳಲಾಗದು ಅಂತ ಕೋಲಾರದ ಡಾಕ್ಟರು ಅಂದಿದ್ದಾರಂತೆ. ‘ಅವ್ಳಿಗೆ ಹೇಳ್ಬೇಡಮ್ಮಾ, ಕಣ್ಣು ಹೋಯ್ತು ಅಂತ ಅಯ್ಯೋ ಪಾಪ ಅನ್ಕೊಂಡು ಬರೋದು ಬೇಡ. ಮನಸ್ಸಿದ್ರೆ ಬರ್ಲಿ’ ಅಂತ ತಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಆಣೆ ಉಳಿಸಿಕೊಂಡೇ ನಿನ್ನನ್ನು ಹೊರಡಿಸೋಣ ಅಂತ ಆ ಸಾವಿನ ಕಥೆ ಹೆಣೆದೆ. ಈಗ ಆಣೆಯೂ ಹೋಯಿತು. ಬರುವಾಗ ಬಾಗಿಲವರೆಗೂ ಗೋಡೆ ಹಿಡಿದುಕೊಂಡು ಬಂದು, ಮಗು ಯಾರ ಹಾಗಿದೆ ಅಂತ ಕೇಳಿದರು. ನಿಮ್ಮ ಹಾಗೇ ಇದೆ ಅಂದುಬಿಟ್ಟೆ. ನಿಜವೋ ಸುಳ್ಳೋ, ಅವರೇ ನೋಡಿ ಹೇಳಲಿ.